ಕರೆಂಟ್ ಉಳಿಸ್ಲಿಕ್ಕೆ ಅಂತ ಕರ್ನೆಲ್ ಕಂಪೈಲ್ ಮಾಡಿದೆ, ಎರಡು ವಾಟ್ ಸಹ ಇಳಿಲಿಲ್ಲ

ಕಟಪಾಡಿ_ಕರ್ನೆಲ್:
ಗೊತ್ತಿದ್ದವ್ರು ಒಂಚೂರು ಹೇಳಿ ಮಾರಾಯ್ರೆ. ಮನೇಲಿ ಒಂದು ಹಳೆ ಡೆಸ್ಕ್‌ಟಾಪ್ ಉಂಟು, ಇಂಟೆಲ್ ಐ5 ನಾಲ್ಕನೇ ಜನರೇಶನ್, ಡೆಬಿಯನ್ 12 ಲಿನಕ್ಸ್, ಒಂದು ಎಸ್‌ಎಸ್‌ಡಿ, ಒಂದು ದೊಡ್ಡ ಹಾರ್ಡ್‌ಡಿಸ್ಕ್, ಹಿಂದೆ ಗೇಮ್ ಆಡ್ತಿದ್ದಾಗಿನ ಗ್ರಾಫಿಕ್ಸ್ ಕಾರ್ಡ್. ಮನೆಯವರ ಫೋಟೋ ಎಲ್ಲ ಅದ್ರಲ್ಲೇ ಇರುದು, ಹಾಗಾಗಿ ರಾತ್ರಿ ಹಗಲು ಆನ್. ಏಪ್ರಿಲ್, ಮೇ ಎರಡೂ ತಿಂಗಳು 200 ಯೂನಿಟ್ ದಾಟಿ ಹೋಯ್ತು, ಗೃಹಜ್ಯೋತಿಯಲ್ಲಿ 200 ದಾಟಿದ್ರೆ ಪೂರ್ತಿ ಬಿಲ್ ನಾವೇ ಕಟ್ಬೇಕಲ್ಲ, ಅಪ್ಪ ಬಿಲ್ ಹಿಡ್ಕೊಂಡು ಸೀದಾ ಬಂದು ನನ್ನ ಕಂಪ್ಯೂಟರ್ ಎದ್ರು ನಿಂತ್ರು. ಪ್ಲಗ್ಗಿಗೆ ಹಾಕುವ ವಾಟ್ ಮೀಟರ್ ತಂದು ನೋಡಿದ್ರೆ ಎಂತ ಕೆಲ್ಸ ಇಲ್ಲದೆ ಸುಮ್ನೆ ಕೂತಾಗ್ಲೇ 52 ವಾಟ್, ಅದೂ ಮಾನಿಟರ್ ಬಿಟ್ಟು.

ಎಲ್ಲೋ ಓದಿದ್ದೆ, ಕರ್ನೆಲ್ (ಲಿನಕ್ಸಿನ ತಿರುಳು) ಟೈಮರ್ 100 ಹರ್ಟ್ಸಿಗೆ ಇಳಿಸಿ, ಸಿಪಿಯು ಸ್ಪೀಡ್ ನೋಡ್ಕೊಳ್ಳುವ ಗವರ್ನರ್ ಪವರ್‌ಸೇವ್ ಇಡಿ, ಬೇಡದ ಡ್ರೈವರ್ ಎಲ್ಲ ತೆಗೀರಿ ಅಂತ. ಬೇಡದ್ದನ್ನು ತಾನೇ ತೆಗೆಯುವ ಲೋಕಲ್‌ಮಾಡ್‌ಕಾನ್ಫಿಗ್ ಕಮಾಂಡ್ ಹೊಡ್ದು, ಕರ್ನೆಲ್ ಆಯ್ಕೆಗಳ ಪಟ್ಟಿ ತೋರಿಸುವ ಮೆನುಕಾನ್ಫಿಗ್ ಎದ್ರು ಕೂತು ಕಣ್ಣು ಕೆಂಪು ಮಾಡ್ಕೊಂಡು ಕಂಪೈಲ್ ಮಾಡಿದೆ. ಬೂಟ್ ಏನೋ ಆಯ್ತು. ಮೀಟರಲ್ಲಿ 51, ಒಮ್ಮೊಮ್ಮೆ 52. ಅದ್ರ ಮೇಲೆ ತಂಗಿ ಪೆನ್‌ಡ್ರೈವ್ ಹಾಕಿದ್ರೆ ಈಗ ಕಾಣುದೇ ಇಲ್ಲ. ಎಲ್ಲಿ ತಪ್ಪಿದ್ದು?

ಬಂಗುಡೆ_ಬೂಟ್‌ಲೋಡರ್:
ಪೆನ್‌ಡ್ರೈವಿನ ಕಥೆ ಮೊದ್ಲು. ಲೋಕಲ್‌ಮಾಡ್‌ಕಾನ್ಫಿಗ್ ಆ ಹೊತ್ತಿಗೆ ಲೋಡ್ ಆಗಿರುವ ಮಾಡ್ಯೂಲ್ (ಡ್ರೈವರಿನ ಫೈಲ್) ಮಾತ್ರ ಇಟ್ಕೊಳ್ತದೆ, ನೀವು ಅದನ್ನು ಓಡಿಸುವಾಗ ಪೆನ್‌ಡ್ರೈವ್ ಹಾಕಿರ್ಲಿಲ್ಲ, ಹಾಗಾಗಿ ಯುಎಸ್‌ಬಿ ಸ್ಟೋರೇಜ್ ಡ್ರೈವರ್ ಹಾರಿಹೋಯ್ತು. ಡೆಬಿಯನ್ ಕೊಟ್ಟ ಕರ್ನೆಲ್ಲಿಗೇ ವಾಪಸ್ ಹೋಗಿ.

ನೀವು ಓದಿದ್ದು ತುಂಬಾ ಹಳೆ ಕಾಲದ ಉಪದೇಶ. ಮೊದ್ಲೆಲ್ಲ ಕೆಲ್ಸ ಇರ್ಲಿ ಬಿಡ್ಲಿ ಟೈಮರ್ ಸೆಕೆಂಡಿಗೆ ನೂರು, ಇನ್ನೂರೈವತ್ತು, ಸಾವಿರ ಸಲ ಸಿಪಿಯು ಎಬ್ಬಿಸ್ತಿತ್ತು, ಮಂಗಳೂರಲ್ಲಿ ಕುಂದಾಪುರ ಟಿಕೆಟ್ ತಗೊಂಡು ನಿದ್ದೆ ಹೊಡಿತಾ ಇರುವವನನ್ನು ಕಂಡಕ್ಟರ್ ಸುರತ್ಕಲ್, ಮುಲ್ಕಿ, ಪಡುಬಿದ್ರಿ ಅಂತ ಸ್ಟಾಪ್ ಸ್ಟಾಪಿಗೆ ತಟ್ಟಿದ ಹಾಗೆ. 2007ರಲ್ಲಿ 2.6.21 ಕರ್ನೆಲ್ಲಿಗೆ ಟಿಕ್‌ಲೆಸ್ ಬಂತು, ಸಿಪಿಯು ಖಾಲಿ ಇದ್ರೆ ಆ ಟಿಕ್ ನಿಂತೇ ಬಿಡ್ತದೆ. ಹಾಗಾಗಿ 250 ಇದ್ದದ್ದನ್ನು 100 ಮಾಡಿ ಐಡಲ್‌ನಲ್ಲಿ (ಸುಮ್ನೆ ಕೂತಾಗ) ಎಂತ ಸಿಗ್ಲಿಕ್ಕಿಲ್ಲ.

ಡ್ರೈವರ್ ತೆಗೆದ್ರೆ ಉಳಿತದೆ ಅನ್ನುದು ಸಹ ಸುಳ್ಳು. ಲೋಡ್ ಆಗದ ಮಾಡ್ಯೂಲ್ ಡಿಸ್ಕಲ್ಲಿ ಬಿದ್ದಿರುವ ಒಂದು ಫೈಲ್ ಅಷ್ಟೆ, ಅದು ಕರೆಂಟ್ ಕುಡಿಯುದಿಲ್ಲ. ಬದ್ಲಿಗೆ ಇರುವ ಡಿವೈಸಿಗೆ ಡ್ರೈವರ್ ಇಲ್ಲದಿದ್ರೆ ಅದನ್ನು ಮಲಗಿಸ್ಲಿಕ್ಕೆ ಜನ ಇಲ್ಲ, ಎಚ್ಚರ ಇದ್ದೇ ಇರ್ತದೆ. ಗವರ್ನರ್ ಅಂತೂ, ನಿಮ್ಮ ಪ್ರೊಸೆಸರಿಗೆ ಡೆಬಿಯನ್ 12ರಲ್ಲಿ ಪವರ್‌ಸೇವ್ ಅಂದ್ರೆ ಕೆಳಗಿನ ಸ್ಪೀಡಿಗೆ ಕಟ್ಟಿ ಹಾಕುದು ಅಷ್ಟೆ, ಸುಮ್ನೆ ಕೂತಾಗ ಅದ್ರಿಂದ ದೊಡ್ಡ ಲಾಭ ಇಲ್ಲ. ಸ್ಪೀಡ್‌ಗಿಂತ ಎಷ್ಟು ಆಳಕ್ಕೆ ನಿದ್ದೆ ಹೋಗ್ತದೆ ಅನ್ನುದೇ ಮುಖ್ಯ. ಕರೆಂಟ್ ಎಲ್ಲಿ ಹೋಗ್ತದೆ ಅಂತ ತೋರಿಸುವ ಪವರ್‌ಟಾಪ್ ಹಾಕಿ ಐಡಲ್ ಸ್ಟಾಟ್ಸ್ ಪುಟದಲ್ಲಿ ಪ್ಯಾಕೇಜ್ (ಇಡೀ ಸಿಪಿಯು ಚಿಪ್) ಕಾಲಂ ನೋಡಿ ಹೇಳಿ, ಕೋರ್‌ದ್ದಲ್ಲ.

ಸೆಕೆ_ತಡೆಯುದಿಲ್ಲ:
ಕರ್ನೆಲ್ ಇರ್ಲಿ, ಮನೇಲಿ ಫ್ಯಾನ್ ಎಷ್ಟು? ಹಳೆ ಸೀಲಿಂಗ್ ಫ್ಯಾನ್ ಒಂದೊಂದು 70-75 ವಾಟ್, ಬಿಎಲ್‌ಡಿಸಿ ಆದ್ರೆ 30ರ ಹತ್ರ. ಮೇ ತಿಂಗಳಲ್ಲಿ ನಮ್ಮ ಊರಲ್ಲಿ ಫ್ಯಾನ್ ಯಾರು ಆಫ್ ಮಾಡ್ತಾರೆ? ಅಪ್ಪನ ಹತ್ರ ಈ ಲೆಕ್ಕ ಹೇಳಿ ನೋಡಿ.

ಕಟಪಾಡಿ_ಕರ್ನೆಲ್:
ಫ್ಯಾನ್ ವಿಷ್ಯ ತೆಗೆದ್ರೆ ಇನ್ನೊಂದು ಜಗಳ, ಅದು ಆಮೇಲೆ. ಪವರ್‌ಟಾಪ್ ನೋಡಿದೆ, ಕೋರ್ ಎಲ್ಲ ಸಿ7ರಲ್ಲಿ (ಸಿ ನಂಬರ್ ದೊಡ್ಡದಾದಷ್ಟು ನಿದ್ದೆ ಆಳ) 97 ಪರ್ಸೆಂಟ್ ಮಲಗಿವೆ, ಪ್ಯಾಕೇಜ್ ಮಾತ್ರ ಸಿ2 ಬಿಟ್ಟು ಕೆಳಗೆ ಹೋಗುದೇ ಇಲ್ಲ, ಸಿ3, ಸಿ6 ಎಲ್ಲ ಸೊನ್ನೆ.

ಬಂಗುಡೆ_ಬೂಟ್‌ಲೋಡರ್:
ಸಿಕ್ತು ನೋಡಿ. ಮನೆಯವ್ರೆಲ್ಲ ಮಲಗಿದ್ದಾರೆ, ಜಗಲಿ ಲೈಟ್ ಯಾರೂ ಆಫ್ ಮಾಡ್ಲಿಲ್ಲ. ಯಾವುದೋ ಒಂದು ಡಿವೈಸ್ ಎಚ್ಚರ ಇದ್ರೂ ಸಾಕು, ಇಡೀ ಪ್ಯಾಕೇಜ್ ಕಾಯ್ತಾ ಕೂರ್ತದೆ. ಮೊದ್ಲು ಬಯೋಸಿಗೆ (ಆನ್ ಮಾಡುವಾಗ ಸಿಗುವ ಮದರ್‌ಬೋರ್ಡಿನ ಸೆಟ್ಟಿಂಗ್) ಹೋಗಿ ಪ್ಯಾಕೇಜ್ ಸಿ ಸ್ಟೇಟ್ ಆನ್ ಉಂಟಾ ನೋಡಿ, ಅಲ್ಲಿ ಆಫ್ ಇದ್ರೆ ಕರ್ನೆಲ್ ಎಷ್ಟು ಕೂಗಿದ್ರೂ ಆಗ್ಲಿಕ್ಕಿಲ್ಲ. ಆಮೇಲೆ ಸಾಟಾ ಲಿಂಕ್ (ಡಿಸ್ಕಿಗೆ ಹೋಗುವ ಕನೆಕ್ಷನ್) ಪವರ್ ಪಾಲಿಸಿ, ಡೆಸ್ಕ್‌ಟಾಪಲ್ಲಿ ಅದು ಹೆಚ್ಚಾಗಿ ಮ್ಯಾಕ್ಸ್ ಪರ್ಫಾರ್ಮೆನ್ಸಲ್ಲೇ ಇರುದು, ಮೀಡಿಯಂ ಪವರ್ ವಿತ್ ಡಿಐಪಿಎಂ ಅಂತ ಒಂದುಂಟು, ಅದಕ್ಕೆ ಬದ್ಲಿಸಿ. ಮಿನ್ ಪವರ್ ಬೇಡ, ಕೆಲವು ಡ್ರೈವಿಗೆ ಅದು ಆಗಿಬರುದಿಲ್ಲ, ಫೋಟೋ ಇರುವ ಡಿಸ್ಕಲ್ಲಿ ಆಟ ಯಾಕೆ. ಮತ್ತೆ ಆ ಗ್ರಾಫಿಕ್ಸ್ ಕಾರ್ಡ್ ಎಂತಕ್ಕೆ? ಫೋಟೋ ಇಡ್ಲಿಕ್ಕಾ?

ಮಣಿಪಾಲ_ಮಳೆ:
ಪವರ್‌ಟಾಪಲ್ಲಿ ಆಟೋ ಟ್ಯೂನ್ (ಎಲ್ಲ ಒಟ್ಟಿಗೆ ಬದ್ಲಿಸುದು) ಮಾತ್ರ ಕಣ್ಣು ಮುಚ್ಚಿ ಹೊಡಿಬೇಡಿ. ನಾನು ಹೊಡ್ದೆ, ಯುಎಸ್‌ಬಿ ಮೌಸ್ ಎರಡು ಸೆಕೆಂಡ್ ಸುಮ್ನಿದ್ರೆ ನಿದ್ದೆ, ಕ್ಲಿಕ್ ಮಾಡದೆ ಏಳುದಿಲ್ಲ, ಮೌಸೇ ಹಾಳಾಯ್ತು ಅಂತ ಹೊಸ್ತು ತಂದೆ, ಅದೂ ಹಾಗೇ! ಸ್ಪೀಕರಲ್ಲಿ ಪ್ರತಿ ಸಲ ಸೌಂಡ್ ಶುರು ಆಗುವಾಗ ಟಪ್ ಅಂತ ಬೇರೆ. ಒಂದೊಂದೇ ಬದ್ಲಿಸಿ, ಮೀಟರ್ ನೋಡಿ, ಐದು ನಿಮಿಷ ಬಿಟ್ಟು ಮುಂದಿಂದು.

ಕಟಪಾಡಿ_ಕರ್ನೆಲ್:
ರಿಸಲ್ಟ್ ಹೇಳ್ಲಿಕ್ಕೆ ಬಂದೆ. ಕಾರ್ಡ್ ಕಿತ್ತು ಮದರ್‌ಬೋರ್ಡಿನ ಪೋರ್ಟಿಗೇ ಮಾನಿಟರ್ ಸಿಕ್ಕಿಸಿದೆ, 52 ಇದ್ದದ್ದು 41. ಬಯೋಸಲ್ಲಿ ಸಿ ಸ್ಟೇಟ್ ಆನೇ ಇತ್ತು. ಸಾಟಾ ಪಾಲಿಸಿ ಬದ್ಲಿಸಿ ಎಂಟರ್ ಹೊಡ್ದು ಮೀಟರನ್ನೇ ನೋಡ್ತಾ ಕೂತೆ, 41, 41, 38, ಆಮೇಲೆ 33ರಲ್ಲಿ ನಿಂತಿತು. ಪ್ಯಾಕೇಜ್ ಸಿ6 ಈಗ 80 ಪರ್ಸೆಂಟ್ ಮೇಲೆ. ರೀಬೂಟ್ ಆದ್ರೆ ಹೋಗ್ತದೆ ಅಂತ, ಪ್ರತಿ ಬೂಟಿಗೂ ಅದನ್ನೇ ಹಾಕುವ ಯೂಡೆವ್ ರೂಲ್ ಬರ್ದಿಟ್ಟೆ. ರಾತ್ರಿ ಹತ್ತರಿಂದ ಆರರವರೆಗೆ ಸಸ್ಪೆಂಡ್, ಆಗ 3 ವಾಟ್, ಬೆಳಿಗ್ಗೆ ಆರ್‌ಟಿಸಿ (ಮದರ್‌ಬೋರ್ಡಿನ ಗಡಿಯಾರ) ಅಲಾರಮಲ್ಲಿ ಅದೇ ಏಳ್ತದೆ. ತಿಂಗಳಿಗೆ 37 ಯೂನಿಟ್ ಇದ್ದದ್ದು 17ರ ಒಳಗೆ ಬರ್ತದೆ. ಅಷ್ಟೊತ್ತು ಕೂತು ಕಂಪೈಲ್ ಮಾಡಿದ ಕರ್ನೆಲ್ ಡಿಲೀಟ್ ಮಾಡುವಾಗ ಮಾತ್ರ ಹೊಟ್ಟೆ ಉರಿತು.

ಸೆಕೆ_ತಡೆಯುದಿಲ್ಲ:
ಆ ಕಾರ್ಡ್ ಕೊಡುದುಂಟಾ? ಎಷ್ಟಕ್ಕೆ?