ಕ್ಯೂಬಾ ಬಿಕ್ಕಟ್ಟು 1962: ಕ್ರುಶ್ಚೇವ್ ಬರಿಗೈಲಿ ವಾಪಸ್ ಹೋದರಾ?

ಮಲೆನಾಡ ಮೇಷ್ಟ್ರು:
ಪಿಯುಸಿ ಮಕ್ಕಳಿಗೆ ಶೀತಲ ಸಮರದ ಪಾಠ ನಡೀತಿದೆ. ಅಮೆರಿಕಾ ಅಧ್ಯಕ್ಷ ಕೆನಡಿ ಪಟ್ಟು ಬಿಡಲಿಲ್ಲ, ಸೋವಿಯತ್ ನಾಯಕ ಕ್ರುಶ್ಚೇವ್ ಕ್ಯೂಬಾದಲ್ಲಿ ಇಟ್ಟಿದ್ದ ಅಣು ಕ್ಷಿಪಣಿ ತೆಗೆದರು ಅಂತ ಹೇಳಿದೆ. ಹಿಂದಿನ ಬೆಂಚಿನ ಹುಡುಗನೊಬ್ಬ, "ಅಷ್ಟು ದೂರ ಹಡಗಲ್ಲಿ ಹೊತ್ತು ತಂದಿದ್ದನ್ನ ಸುಮ್ನೆ ವಾಪಸ್ ಒಯ್ದರಾ ಸಾರ್? ಏನೂ ಸಿಗಲಿಲ್ವಾ?" ಅಂದ. ತಿಳಿದವರು ಹೇಳಿ.

ರೈಲು ಪ್ರೇಮಿ:
ಇದರಲ್ಲೇನಿದೆ? ಆಗ ಅಮೆರಿಕಾ ಹತ್ತಿರ 25,000ಕ್ಕೂ ಜಾಸ್ತಿ ಅಣು ಸಿಡಿತಲೆ, ಸೋವಿಯತ್ ಹತ್ತಿರ ಮೂರು ಸಾವಿರ ಚಿಲ್ಲರೆ. ಹೆದರಿ ಹಿಂದೆ ಸರಿದರು, ಅಷ್ಟೇ.

ತಂತಿ ತಾತ:
ಮೇಷ್ಟ್ರೇ, ಹುಡುಗ ಸರಿಯಾದ ಜಾಗಕ್ಕೇ ಕೈ ಹಾಕಿದ್ದಾನೆ. ಸಿಕ್ಕಿತು, ಆದರೆ ಗುಟ್ಟಾಗಿ.

ಟರ್ಕಿಯ ಇಜ್ಮಿರ್ ಬಳಿ ಅಮೆರಿಕಾದ 15 ಜುಪಿಟರ್ ಅಣು ಕ್ಷಿಪಣಿಗಳಿದ್ದವು, ಸೋವಿಯತ್ ಕಡೆ ಗುರಿಯಿಟ್ಟು. ಅಕ್ಟೋಬರ್ 27ರ ಶನಿವಾರ ಕ್ಯೂಬಾ ಮೇಲೆ ಅಮೆರಿಕಾದ ಯು-2 ಬೇಹು ವಿಮಾನವನ್ನು ಹೊಡೆದುರುಳಿಸಿದರು, ಪೈಲಟ್ ಮೇಜರ್ ಆಂಡರ್ಸನ್ ಸತ್ತರು. ಅದೇ ಸಂಜೆ ಕೆನಡಿಯ ತಮ್ಮ ರಾಬರ್ಟ್, ಸೋವಿಯತ್ ರಾಯಭಾರಿ ಡೊಬ್ರಿನಿನ್‌ರನ್ನು ತಮ್ಮ ಕಚೇರಿಗೆ ಕರೆಸಿಕೊಂಡರು. ನೀವು ಕ್ಷಿಪಣಿ ತೆಗೆಯಿರಿ, ಕ್ಯೂಬಾ ಮೇಲೆ ದಂಡೆತ್ತಿ ಬರಲ್ಲ ಅಂತ ಎಲ್ಲರೆದುರೇ ಹೇಳುತ್ತೇವೆ. ಟರ್ಕಿಯವನ್ನೂ ನಾಲ್ಕೈದು ತಿಂಗಳಲ್ಲಿ ತೆಗೆಯುತ್ತೇವೆ, ಆದರೆ ಅದನ್ನು ಮಾತ್ರ ಬಾಯಿ ಬಿಡಬಾರದು. ಇದು ಮಾತುಕತೆಯ ಸಾರ. ಮರುದಿನ ಮಾಸ್ಕೋ ರೇಡಿಯೋದಲ್ಲಿ ಕ್ರುಶ್ಚೇವ್ ಒಪ್ಪಿಗೆ ಬಂತು. 1963ರ ಏಪ್ರಿಲ್ ಮುಗಿಯುವಷ್ಟರಲ್ಲಿ ಜುಪಿಟರ್‌ಗಳೂ ಜಾಗ ಖಾಲಿ ಮಾಡಿದವು.

ನಾನು ತಂತಿ ಕಚೇರಿಯಲ್ಲಿ ದುಡಿದವನು. ನನಗೆ ಎದೆ ನಡುಗಿಸುವುದು ಬೇರೆಯೇ. ಆಗ ಎರಡು ದೇಶಗಳ ನಡುವೆ ನೇರ ಲೈನೇ ಇರಲಿಲ್ಲ! ಡೊಬ್ರಿನಿನ್ ತಮ್ಮ ವರದಿಯನ್ನು ಗುಪ್ತಲಿಪಿಗೆ ಇಳಿಸಿ ವೆಸ್ಟರ್ನ್ ಯೂನಿಯನ್ ತಂತಿ ಕಂಪನಿಗೆ ಹೇಳಿ ಕಳಿಸಬೇಕು. ಅವರ ಹುಡುಗ ಸೈಕಲ್ಲಲ್ಲಿ ಬಂದು ಒಯ್ಯಬೇಕು. ದಾರಿಯಲ್ಲಿ ಯಾವುದಾದರೂ ಹುಡುಗಿ ಜೊತೆ ಹರಟೆಗೆ ನಿಲ್ಲದಿದ್ದರೆ ಸಾಕಪ್ಪಾ ಅಂತ ಬೇಡಿಕೊಳ್ಳುತ್ತಿದ್ದೆವು ಅಂತ ಡೊಬ್ರಿನಿನ್ ಆಮೇಲೆ ನೆನೆದಿದ್ದಾರೆ. ಕ್ರುಶ್ಚೇವ್ 26ರಂದು ಬರೆದ ಉದ್ದನೆಯ ಪತ್ರ ಪೂರ್ತಿ ವಾಷಿಂಗ್ಟನ್ ತಲುಪಲು ಹೆಚ್ಚುಕಡಿಮೆ ಅರ್ಧ ದಿನ ಹಿಡಿಯಿತು. ನಮ್ಮಲ್ಲಿ "ತಂದೆ ಸೀರಿಯಸ್, ಕೂಡಲೇ ಹೊರಡು" ತಂತಿ ಎಷ್ಟೋ ಸಲ ಅದಕ್ಕಿಂತ ಬೇಗ ಮುಟ್ಟುತ್ತಿತ್ತು. ಆ ಭಯಕ್ಕೇ 1963ರಲ್ಲಿ ಹಾಟ್‌ಲೈನ್ ಹಾಕಿದ್ದು. ಸಿನಿಮಾದ ಕೆಂಪು ಫೋನಲ್ಲ ಅದು, ಟೆಲಿಪ್ರಿಂಟರ್.

ರೈಲು ಪ್ರೇಮಿ:
ಜುಪಿಟರ್ ಹಳೇ ಸರಕು ತಾತ. ಅದರ ಜಾಗಕ್ಕೆ ಪೋಲಾರಿಸ್ ಕ್ಷಿಪಣಿ ಹೊತ್ತ ಜಲಾಂತರ್ಗಾಮಿ ಹೇಗೂ ಬರೋದಿತ್ತು. ಕೊಟ್ಟಿದ್ದೇನು ಮಹಾ?

ತಂತಿ ತಾತ:
ಹಳೇ ಸರಕೇ, ಒಪ್ಪಿದೆ. ಹಾಗಾದರೆ ಮುಚ್ಚಿಟ್ಟಿದ್ದು ಯಾಕೆ? ಡೊಬ್ರಿನಿನ್ 29ರಂದು ಟರ್ಕಿ ಮಾತನ್ನು ಪತ್ರದಲ್ಲಿ ತಂದುಕೊಟ್ಟರೆ, ರಾಬರ್ಟ್ ಮರುದಿನ ಆ ಪತ್ರವನ್ನೇ ವಾಪಸ್ ಕೊಟ್ಟರು. ಕಾಗದದ ಮೇಲೆ ಏನೂ ಬೇಡ ಅಂತ. ಟರ್ಕಿಯನ್ನು ಕೇಳದೆ ಟರ್ಕಿಯ ವ್ಯಾಪಾರ ಮುಗಿಸಿದ್ದು ನೇಟೋ ಮಿತ್ರಕೂಟದವರಿಗೆ ಗೊತ್ತಾದರೆ ಮುಖ ತೋರಿಸೋದು ಹೇಗೆ? ಈ ಗುಟ್ಟು ಪೂರ್ತಿ ಬಯಲಾಗಿದ್ದು 1980ರ ದಶಕದ ಕೊನೆಗೆ. ಅಲ್ಲಿವರೆಗೆ ಗಟ್ಟಿಯಾಗಿ ಗದರಿದರೆ ರಷ್ಯಾದವರು ಬಗ್ಗುತ್ತಾರೆ ಅಂತಲೇ ಜನ ನಂಬಿದ್ದರು.

ನೀವು ಹೇಳಿದ ಸಿಡಿತಲೆ ಲೆಕ್ಕವೇ ಮಾಸ್ಕೋಗೆ ಚುಚ್ಚಿದ್ದು. ಇನ್ನೊಮ್ಮೆ ಈ ಗತಿ ಬರಬಾರದು ಅಂತ ಮಾಡುತ್ತಾ ಹೋದರು, 1986ರ ಹೊತ್ತಿಗೆ ಸುಮಾರು 40,000 ಆಯಿತು.

ಮಲೆನಾಡ ಮೇಷ್ಟ್ರು:
ತುಂಬಾ ಉಪಕಾರ ಆಯ್ತು ಸಾರ್. ಕ್ಯೂಬಾದ ನಾಯಕ ಕಾಸ್ಟ್ರೋಗಾದರೂ ಹೇಳಿದ್ದರಾ?

ತಂತಿ ತಾತ:
ಎಲ್ಲಿ ಬಂತು! ಕ್ಷಿಪಣಿ ವಾಪಸಾತಿಯನ್ನೇ ಅವರಿಗೆ ಮೊದಲು ತಿಳಿಸಿರಲಿಲ್ಲ, ಕೆಂಡಾಮಂಡಲ ಆಗಿದ್ದರು. ಟರ್ಕಿ ವಿಷಯ ಗೊತ್ತಾಗಿದ್ದು 1963ರಲ್ಲಿ ಸೋವಿಯತ್ ಪ್ರವಾಸ ಹೋದಾಗ. ಕ್ರುಶ್ಚೇವ್ ಹಳೇ ಪತ್ರಗಳನ್ನು ಓದಿಸಿ ಕೇಳಿಸುತ್ತಿದ್ದರಂತೆ. ಆ ಭರದಲ್ಲಿ ಟರ್ಕಿ, ಇಟಲಿಯಲ್ಲಿದ್ದ ಅಮೆರಿಕಾ ಕ್ಷಿಪಣಿಗಳ ಮಾತೂ ಬಂದುಬಿಟ್ಟಿತು. ಕಾಸ್ಟ್ರೋ ಆ ಸಾಲನ್ನು ಇನ್ನೊಮ್ಮೆ ಓದಿ ಅಂದರು. ಕ್ರುಶ್ಚೇವ್ ತುಂಟನಗೆ ನಕ್ಕರಂತೆ. ಕಾಸ್ಟ್ರೋ ಅವರೇ ಹೇಳಿಕೊಂಡಿದ್ದು ಇದು.