ಫೋಟೊದಲ್ಲಿರುವ ಚಿತ್ತಾ ನಕ್ಷತ್ರಕ್ಕೆ ಎರಡು ವಿಳಾಸ, ಯಾವುದು ಸರಿ?

ಪ್ರಶ್ನೆ (ಮಂಡ್ಯ): ಮೇಲುಕೋಟೆ ಬೆಟ್ಟದಿಂದ 50 ಎಂಎಂ ಲೆನ್ಸ್‌ನಲ್ಲಿ ಕನ್ಯಾ ರಾಶಿಯ ಫೋಟೊ ತೆಗೆದೆ. ಫೋಟೊ ನೋಡಿ ಆಕಾಶದ ಯಾವ ಭಾಗ ಎಂದು ಗುರುತಿಸುವ ಆಸ್ಟ್ರೋಮೆಟ್ರಿ ಡಾಟ್ ನೆಟ್‌ಗೆ ಹಾಕಿದರೆ ಚಿತ್ತಾ ನಕ್ಷತ್ರದ ಆರ್‌ಎ (ಆಕಾಶದಲ್ಲಿ ಪೂರ್ವ-ಪಶ್ಚಿಮ ಸ್ಥಾನ, ಗಂಟೆ-ನಿಮಿಷದಲ್ಲಿ ಅಳೆಯುವುದು) 13 ಗಂಟೆ 25 ನಿಮಿಷ ಬಂತು. ಆಕಾಶ ನಕ್ಷೆಯ ಸಾಫ್ಟ್‌ವೇರ್ ಸ್ಟೆಲೇರಿಯಂ ನೋಡಿದರೆ 13 ಗಂಟೆ 26 ನಿಮಿಷ ಚಿಲ್ಲರೆ. ಡೆಕ್ (ಉತ್ತರ-ದಕ್ಷಿಣ ಸ್ಥಾನ) ಕೂಡ ಬೇರೆ. ಊರು, ಸಮಯ ಹಾಕದೇ ಇದ್ದದ್ದಕ್ಕೆ ಹೀಗಾಯ್ತಾ?

ಉತ್ತರ: ಇಲ್ಲ. ಈ ಕೆಲಸಕ್ಕೆ ಊರೂ ಬೇಡ, ಸಮಯವೂ ಬೇಡ. ಸಾಫ್ಟ್‌ವೇರ್ ಫೋಟೊದಿಂದ ನಾಲ್ಕು ನಕ್ಷತ್ರ ಆರಿಸುತ್ತದೆ. ಫೋಟೊದಲ್ಲಿ ಒಂದರಿಂದೊಂದು ಅತಿ ದೂರ ಕಾಣುವ ಎರಡನ್ನು ಆಧಾರ ಮಾಡಿಕೊಂಡು, ಉಳಿದೆರಡು ಎಲ್ಲಿವೆ ಎಂದು ಅಳೆಯುತ್ತದೆ. ಫೋಟೊ ತಿರುಗಿಸಿ, ಚಿಕ್ಕದು ಮಾಡಿ, ಆ ಅಳತೆ ಬದಲಾಗುವುದಿಲ್ಲ. ಅದೇ ಆಕಾರವನ್ನು ನಕ್ಷತ್ರಪಟ್ಟಿಯಲ್ಲಿ ಹುಡುಕುತ್ತದೆ. ಸಿಕ್ಕರೆ ಉಳಿದ ನಕ್ಷತ್ರಗಳೂ ಸರಿಯಾದ ಜಾಗದಲ್ಲಿ ಕೂರುತ್ತವಾ ಎಂದು ಪರೀಕ್ಷಿಸುತ್ತದೆ. ಆಮೇಲೆ ಪ್ರತಿ ಪಿಕ್ಸೆಲ್‌ಗೂ ಆರ್‌ಎ, ಡೆಕ್ ಸಿಗುತ್ತದೆ. ನನಗೆ ಈಗಲೂ ಇದು ಬಹಳ ಚೆಂದದ ಉಪಾಯ ಅನ್ನಿಸುತ್ತದೆ.

ನಿಮಗೆ ಬಂದ ಎರಡೂ ಸಂಖ್ಯೆ ಸರಿ. ಆಸ್ಟ್ರೋಮೆಟ್ರಿ ಡಾಟ್ ನೆಟ್ ಕೊಟ್ಟದ್ದು 2000ನೇ ಇಸವಿಯ ಲೆಕ್ಕ, ಅಂದರೆ ಜೆ2000. ಇನ್ನೊಂದು ಇವತ್ತಿನದು. ಭೂಮಿಯ ಅಕ್ಷ ಸುಮಾರು 26,000 ವರ್ಷಕ್ಕೆ ಒಂದು ಸುತ್ತು ಬರುತ್ತದೆ. ಹಾಗಾಗಿ ಆರ್‌ಎ ಎಣಿಕೆ ಶುರುವಾಗುವ ವಿಷುವ ಬಿಂದು ವರ್ಷಕ್ಕೆ ಸುಮಾರು 50 ಸೆಕೆಂಡು ಕೋನದಷ್ಟು (ಒಂದು ಡಿಗ್ರಿಗೆ 3,600 ಸೆಕೆಂಡು ಕೋನ) ಸರಿಯುತ್ತದೆ. ಪಂಚಾಂಗದ ಅಯನಾಂಶ ಹುಟ್ಟುವುದೂ ಇದರಿಂದಲೇ. ಕಾಲು ಶತಮಾನದಲ್ಲಿ ಚಿತ್ತೆಯ ಆರ್‌ಎ ಒಂದು ನಿಮಿಷಕ್ಕೂ ಜಾಸ್ತಿ ಬದಲಾಗಿದೆ. ಸ್ಟೆಲೇರಿಯಂನಲ್ಲಿ ಜೆ2000 ಸಾಲು ಬೇರೆಯೇ ಇರುತ್ತದೆ, ಅದನ್ನು ನೋಡಿ. ಯಾವ ವರ್ಷದ ಲೆಕ್ಕ ಎಂದು ಬರೆಯದ ಸ್ಥಾನವನ್ನು ಯಾರಿಗೂ ಕಳಿಸಬೇಡಿ.

ಪ್ರಶ್ನೆ (ಮೈಸೂರು): ಚಾಮುಂಡಿ ಬೆಟ್ಟದಿಂದ 18 ಎಂಎಂನಲ್ಲಿ ತೆಗೆದ ನನ್ನ ಫೋಟೊಗೆ ಉತ್ತರವೇ ಬರಲಿಲ್ಲ. ಕೆಳಗೆ ಊರಿನ ದೀಪಗಳೂ ಇವೆ.

ಉತ್ತರ: ದೀಪಗಳನ್ನೂ ಅದು ನಕ್ಷತ್ರ ಅಂದುಕೊಳ್ಳುತ್ತದೆ. ಕೆಳಭಾಗ ಕತ್ತರಿಸಿ. ಅಷ್ಟು ಅಗಲದ ಲೆನ್ಸ್‌ನಲ್ಲಿ ಅಂಚು ಎಳೆದಂತೆ ಆಗುತ್ತದೆ, ಮಧ್ಯಭಾಗ ಮಾತ್ರ ಕೊಡಿ. ಒಂದು ಪಿಕ್ಸೆಲ್‌ನಲ್ಲಿ ಎಷ್ಟು ಆಕಾಶ ಬರುತ್ತದೆ ಎಂಬ ಅಳತೆಯನ್ನೂ ತಿಳಿಸಿದರೆ ಬೇಗ ಸಿಗುತ್ತದೆ. ಪಿಕ್ಸೆಲ್ ಗಾತ್ರವನ್ನು ಮೈಕ್ರಾನ್‌ನಲ್ಲಿ ತೆಗೆದುಕೊಂಡು 206ರಿಂದ ಗುಣಿಸಿ, ಲೆನ್ಸ್‌ನ ಎಂಎಂನಿಂದ ಭಾಗಿಸಿ. 3.7 ಮೈಕ್ರಾನ್, 50 ಎಂಎಂ ಆದರೆ ಒಂದು ಪಿಕ್ಸೆಲ್‌ಗೆ ಸುಮಾರು 15 ಸೆಕೆಂಡು ಕೋನ.

ಆಕಾಶವೂ ಪ್ರತಿ ಸೆಕೆಂಡಿಗೆ ಅಷ್ಟೇ ತಿರುಗುತ್ತದೆ. ಅಂದರೆ ಟ್ರೈಪಾಡ್ ಮೇಲೆ 10 ಸೆಕೆಂಡು ಬಿಟ್ಟರೆ ಚಿತ್ತೆ ಸುಮಾರು 10 ಪಿಕ್ಸೆಲ್ ಉದ್ದದ ಗೆರೆ. ಗೆರೆಯ ನಡು ಯಾವುದು ಎಂದು ಹುಡುಕುವುದು ಕಷ್ಟ. ಸಮಯ ಇಳಿಸಿ, ಐಎಸ್ಒ ಏರಿಸಿ.

ಪ್ರಶ್ನೆ (ಮಂಡ್ಯ): ಅದೇ ಫೋಟೊದಲ್ಲಿ ನಕ್ಷೆಯಲ್ಲಿಲ್ಲದ ಒಂದು ಚುಕ್ಕಿ ಇದೆ. ಅದರ ಸ್ಥಾನ ನಂಬಬಹುದಾ?

ಉತ್ತರ: ಮೊದಲು ಅದರ ಪಕ್ಕದ ಪರಿಚಿತ ನಕ್ಷತ್ರಗಳನ್ನು ಅಳೆಯಿರಿ. ಪಟ್ಟಿಯಲ್ಲಿರುವ ಸ್ಥಾನಕ್ಕೂ ನಿಮ್ಮ ಸ್ಥಾನಕ್ಕೂ ಎಷ್ಟು ವ್ಯತ್ಯಾಸ ಬರುತ್ತದೋ, ಆ ಚುಕ್ಕಿಯ ಸ್ಥಾನದಲ್ಲೂ ಕನಿಷ್ಠ ಅಷ್ಟು ತಪ್ಪು ಇರಬಹುದು. ಎರಡನೇ ಫೋಟೊದಲ್ಲೂ ಇದೆಯಾ ನೋಡಿ. ಒಂದರಲ್ಲಿ ಮಾತ್ರ ಇದ್ದರೆ ಸೆನ್ಸರ್‌ನ ಗದ್ದಲ ಇರಬಹುದು. ಎರಡರಲ್ಲೂ ಇದ್ದು, ನಕ್ಷತ್ರಗಳ ನಡುವೆ ಜಾಗ ಬದಲಿಸಿದ್ದರೆ ಅದು ಚಲಿಸುತ್ತಿದೆ, ಹಾಗಾಗಿ ಈಗ ಸಮಯ ಬೇಕೇ ಬೇಕು. ಕ್ಯಾಮೆರಾ ಗಡಿಯಾರ ಸರಿ ಇದೆಯಾ ನೋಡಿ, ನಮ್ಮ ಸಮಯದಿಂದ 5 ಗಂಟೆ 30 ನಿಮಿಷ ಕಳೆದು ಯುಟಿಸಿಯಲ್ಲಿ (ಜಗತ್ತಿಗೆಲ್ಲ ಒಂದೇ ಆದ ಸಮಯ) ಬರೆಯಿರಿ. ಎರಡೂ ಫೋಟೊದ ಮೂಲ ಫೈಲ್ ಇಲ್ಲಿ ಹಾಕಿ, ನಾನೂ ಅಳೆದು ನೋಡುತ್ತೇನೆ.