ಪಿಯುಸಿ ನಂತರ ಅಲ್ಟ್ರಾಸೌಂಡ್ ಸ್ಕ್ಯಾನಿಂಗ್ ಕಲಿಯಲು ಸರಿಯಾದ ದಾರಿ ಯಾವುದು?

ಪ್ರಶ್ನೆ: ವಿದ್ಯಾರ್ಥಿನಿಯೊಬ್ಬಳ ತಂದೆ, ಶಿವಮೊಗ್ಗ ಜಿಲ್ಲೆ

ಎಲ್ಲರಿಗೂ ನಮಸ್ಕಾರ. ನನ್ನ ಮಗಳು ಈ ವರ್ಷ ದ್ವಿತೀಯ ಪಿಯುಸಿಯನ್ನು ಪಿಸಿಎಂಬಿ ವಿಷಯಗಳಲ್ಲಿ ಒಳ್ಳೆಯ ಅಂಕ ಪಡೆದು ಮುಗಿಸಿದ್ದಾಳೆ. ನೀಟ್ ಪರೀಕ್ಷೆಯಲ್ಲಿ ಬಂದ ಅಂಕಕ್ಕೆ ಸರ್ಕಾರಿ ಎಂಬಿಬಿಎಸ್ ಸೀಟು ಸಿಗುವ ಸಾಧ್ಯತೆ ಇಲ್ಲ, ಖಾಸಗಿ ಸೀಟಿನ ಶುಲ್ಕ ಎರಡು ಎಕರೆ ಅಡಿಕೆ ತೋಟ ನಂಬಿಕೊಂಡಿರುವ ನಮಗೆ ಎಟುಕುವಂಥದ್ದಲ್ಲ.

ಕಳೆದ ವರ್ಷ ನನ್ನ ತಾಯಿಗೆ ಪಿತ್ತಕೋಶದಲ್ಲಿ ಕಲ್ಲು ಇರುವುದು ಸ್ಕ್ಯಾನಿಂಗ್‌ನಲ್ಲಿ ತಿಳಿಯಿತು. ಅಜ್ಜಿಯ ಜೊತೆ ಒಳಗೆ ಹೋಗಿದ್ದ ಮಗಳಿಗೆ ವೈದ್ಯರು ಪರದೆಯ ಮೇಲೆ ಬೆಳ್ಳಗೆ ಹೊಳೆಯುವ ಒಂದು ಗೆರೆಯನ್ನೂ ಅದರ ಕೆಳಗೆ ಬಿದ್ದಿದ್ದ ಕಪ್ಪು ನೆರಳನ್ನೂ ತೋರಿಸಿ, ಅಜ್ಜಿಯನ್ನು ಎಡಮಗ್ಗುಲಿಗೆ ತಿರುಗಿಸಿದಾಗ ಆ ಕಲ್ಲು ಉರುಳಿದ್ದನ್ನೂ ತೋರಿಸಿದರಂತೆ. ಅಂದಿನಿಂದ ತಾನೂ ಇದನ್ನೇ ಕಲಿಯಬೇಕೆಂದು ಹಿಡಿದ ಪಟ್ಟು ಬಿಟ್ಟಿಲ್ಲ.

ಹತ್ತಿರದ ಪಟ್ಟಣದ ಖಾಸಗಿ ಸಂಸ್ಥೆಯೊಂದು ಒಂದು ವರ್ಷದ ಅಲ್ಟ್ರಾಸೌಂಡ್ ಟೆಕ್ನಿಷಿಯನ್ ಡಿಪ್ಲೊಮಾ ಕೊಡುತ್ತೇವೆ, ಮುಗಿಸಿದ ಕೂಡಲೇ ಯಾವುದೇ ಸ್ಕ್ಯಾನಿಂಗ್ ಕೇಂದ್ರದಲ್ಲಿ ಕೆಲಸ ಸಿಗುತ್ತದೆ ಎಂದು ಹೇಳುತ್ತಿದೆ. ಶುಲ್ಕ 1.40 ಲಕ್ಷ ರೂಪಾಯಿ, ಈ ತಿಂಗಳ ಕೊನೆಯೊಳಗೆ ಅರ್ಧ ಕಟ್ಟಬೇಕಂತೆ. ಅಮೆರಿಕದಲ್ಲಿರುವ ಸಂಬಂಧಿಕರೊಬ್ಬರು ಅಲ್ಲಿ ಸೋನೋಗ್ರಾಫರ್ ಎಂಬ ಹುದ್ದೆಗೆ ಒಳ್ಳೆಯ ಬೇಡಿಕೆ ಇದೆ ಎನ್ನುತ್ತಾರೆ. ನಾವು ಯಾವ ಹೆಜ್ಜೆ ಇಡಬೇಕು ಎಂಬುದನ್ನು ಬಲ್ಲವರು ದಯವಿಟ್ಟು ತಿಳಿಸಿಕೊಡಿ.

ಉತ್ತರ 1: ರೇಡಿಯಾಲಜಿಸ್ಟ್, ಹುಬ್ಬಳ್ಳಿ

ಮೊದಲ ಮಾತು: ಆ ಒಂದು ವರ್ಷದ ಕೋರ್ಸಿಗೆ ಹಣ ಕಟ್ಟಬೇಡಿ. ಆ ಪ್ರಮಾಣಪತ್ರ ಹಿಡಿದು ಬಂದವರ ಕೈಗೆ ನಮ್ಮ ರಾಜ್ಯದ ಯಾವ ನೋಂದಾಯಿತ ಸ್ಕ್ಯಾನಿಂಗ್ ಕೇಂದ್ರವೂ ಕಾನೂನುಬದ್ಧವಾಗಿ ಪ್ರೋಬ್ (ಮೈಮೇಲೆ ಇಟ್ಟು ಸ್ಕ್ಯಾನ್ ಮಾಡುವ ಸಾಧನ) ಕೊಟ್ಟು ಗರ್ಭಿಣಿಯರ ಪರೀಕ್ಷೆ ಮಾಡಿಸಲು ಬರುವುದಿಲ್ಲ.

ಕಾರಣ ನಿಮಗೆ ಗೊತ್ತಿರುವ ಕಾನೂನೇ. ಗರ್ಭಸ್ಥ ಶಿಶುವಿನ ಲಿಂಗಪತ್ತೆಯನ್ನು ತಡೆಯಲು 1994ರಲ್ಲಿ ಕಾಯ್ದೆ ಬಂದು, 1996ರ ಜನವರಿ 1ರಿಂದ ಜಾರಿಯಾಗಿ, 2003ರಲ್ಲಿ ಇನ್ನಷ್ಟು ಬಿಗಿಯಾಗಿ ಇಂದಿನ ಪಿಸಿಪಿಎನ್‌ಡಿಟಿ ಕಾಯ್ದೆಯ ರೂಪ ಪಡೆಯಿತು. ಯಂತ್ರ ಇರುವ ಸ್ಥಳ ನೋಂದಣಿಯಾಗಿರಬೇಕು, ಅದನ್ನು ಬಳಸುವ ವೈದ್ಯರಿಗೆ ನಿಗದಿತ ಅರ್ಹತೆ ಇರಬೇಕು, ಪ್ರತಿಯೊಬ್ಬ ಗರ್ಭಿಣಿಗೂ ಪರೀಕ್ಷೆಯ ವಿವರ ದಾಖಲಿಸುವ ಫಾರ್ಮ್ ಎಫ್ ತುಂಬಬೇಕು. ಆ ಫಾರ್ಮ್ ಸರಿಯಾಗಿ ತುಂಬದಿರುವುದನ್ನೂ ಕಾಯ್ದೆ ಅಪರಾಧವಾಗಿಯೇ ನೋಡುತ್ತದೆ. ಇಷ್ಟೊಂದು ಬಿಗಿ ಏಕೆ ಎಂದು ನನ್ನ ಕಿರಿಯ ವೈದ್ಯರು ಬೇಸರಪಟ್ಟುಕೊಂಡಾಗ ನಾನು ಅವರಿಗೆ 2023ರ ಕೊನೆಯಲ್ಲಿ ಮಂಡ್ಯ ಜಿಲ್ಲೆಯಲ್ಲಿ ಬಯಲಾದ ಪ್ರಕರಣವನ್ನು ನೆನಪಿಸುತ್ತೇನೆ. ಅಲ್ಲಿ ಆಲೆಮನೆಯೊಂದರೊಳಗೆ ಸ್ಕ್ಯಾನಿಂಗ್ ಯಂತ್ರ ಇಟ್ಟುಕೊಂಡು ಲಿಂಗಪತ್ತೆ ನಡೆಸುತ್ತಿದ್ದರು. ಬೆಲ್ಲ ಕಾಯಿಸುವ ಜಾಗಕ್ಕೂ ಹೊತ್ತೊಯ್ಯಬಹುದಾದ ಯಂತ್ರ ಇದು. ಯಾರ ಕೈಗೆ ಕೊಡುತ್ತೇವೆ ಎಂಬುದರಲ್ಲಿ ಸಡಿಲ ಬಿಡಲು ಆಗುವುದಿಲ್ಲ.

ಹೀಗಾಗಿ ನಮ್ಮ ದೇಶದಲ್ಲಿ ಅಲ್ಟ್ರಾಸೌಂಡ್ ಎಂಬುದು ವೈದ್ಯರ ಕೆಲಸವಾಗಿ ಉಳಿದಿದೆ. ಎಂಬಿಬಿಎಸ್ ಮುಗಿಸಿ ಮೂರು ವರ್ಷದ ಎಂ.ಡಿ. ರೇಡಿಯೋಡಯಾಗ್ನೋಸಿಸ್ ಅಥವಾ ಅದಕ್ಕೆ ಸಮನಾದ ಡಿಎನ್‌ಬಿ ಮಾಡುವುದು ಮುಖ್ಯ ದಾರಿ. ಎಂಬಿಬಿಎಸ್ ವೈದ್ಯರಿಗೆಂದು 2014ರ ನಿಯಮಗಳಲ್ಲಿ 300 ಗಂಟೆಗಳ, ಆರು ತಿಂಗಳ ತರಬೇತಿಯನ್ನು ಹೇಳಲಾಗಿದೆ. ವೈದ್ಯರಿಗೇ ಇಷ್ಟು ಕೇಳುವಾಗ, ಪಿಯುಸಿ ಮುಗಿಸಿದವರಿಗೆ ಒಂದು ವರ್ಷದಲ್ಲಿ ಅದೇ ಕೆಲಸ ಕೊಡಿಸುತ್ತೇವೆ ಎನ್ನುವವರ ಮಾತನ್ನು ನೀವೇ ತೂಗಿ ನೋಡಿ.

ಹಾಗೆಂದು ಮಗಳ ಆಸೆ ಇಲ್ಲಿಗೇ ಮುಗಿಯಬೇಕಿಲ್ಲ. ಬಿ.ಎಸ್ಸಿ. ಮೆಡಿಕಲ್ ಇಮೇಜಿಂಗ್ ಟೆಕ್ನಾಲಜಿ ಎಂಬ ಪದವಿ ಇದೆ. ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯಕ್ಕೆ ಸೇರಿದ ಅನೇಕ ಕಾಲೇಜುಗಳಲ್ಲಿ ಮತ್ತು ಮಣಿಪಾಲದಲ್ಲಿ ಇದನ್ನು ಕಲಿಸುತ್ತಾರೆ. ಮೂರು ವರ್ಷ ಪಾಠ, ಒಂದು ವರ್ಷ ಇಂಟರ್ನ್‌ಶಿಪ್. ಎಕ್ಸ್‌ರೇ, ಸಿ.ಟಿ., ಎಂ.ಆರ್.ಐ. ಯಂತ್ರಗಳನ್ನು ನಡೆಸುವುದು ಈ ಪದವೀಧರರೇ, ಅವರಿಲ್ಲದೆ ನನ್ನ ವಿಭಾಗ ಒಂದು ಗಂಟೆಯೂ ನಡೆಯದು. 2021ರಲ್ಲಿ ಸಂಸತ್ತು ಅಂಗೀಕರಿಸಿದ, ವೈದ್ಯಕೀಯ ಸಹಾಯಕ ಮತ್ತು ಆರೋಗ್ಯ ವೃತ್ತಿಗಳ ರಾಷ್ಟ್ರೀಯ ಆಯೋಗದ ಕಾಯ್ದೆಯು ಈ ವೃತ್ತಿಯನ್ನು ಹೆಸರಿಸಿ ಗುರುತಿಸಿದೆ. ಈ ಪದವಿಯಲ್ಲಿ ಅಲ್ಟ್ರಾಸೌಂಡಿನ ಭೌತಶಾಸ್ತ್ರ ಮತ್ತು ತಂತ್ರದ ಪಾಠವೂ ಇರುತ್ತದೆ, ಆದರೆ ಇಲ್ಲಿ ಕೆಲಸಕ್ಕೆ ಸೇರಿದ ಮೇಲೆ ಪ್ರೋಬ್ ಹಿಡಿಯುವವರು ವೈದ್ಯರೇ ಆಗಿರುತ್ತಾರೆ. ಈ ಒಂದು ಸಂಗತಿ ಮಗಳಿಗೆ ಮೊದಲೇ ಸ್ಪಷ್ಟವಾಗಿ ತಿಳಿದಿರಲಿ.

ಉತ್ತರ 2: ಸೋನೋಗ್ರಾಫರ್, ಅಮೆರಿಕ (ಊರು ಹಾಸನ)

ಹುಬ್ಬಳ್ಳಿಯ ವೈದ್ಯರು ಹೇಳಿದ ಬಿ.ಎಸ್ಸಿ. ಪದವಿಯನ್ನೇ ಮುಗಿಸಿ, ಮೈಸೂರಿನಲ್ಲಿ ಮೂರು ವರ್ಷ ಸಿ.ಟಿ. ವಿಭಾಗದಲ್ಲಿ ದುಡಿದು, ಮದುವೆಯಾಗಿ ಇಲ್ಲಿಗೆ ಬಂದವಳು ನಾನು. ಆದ್ದರಿಂದ ನಿಮ್ಮ ಪ್ರಶ್ನೆಯ ಎರಡನೇ ಭಾಗಕ್ಕೆ ಸ್ವಲ್ಪ ವಿವರವಾಗಿಯೇ ಉತ್ತರಿಸುತ್ತೇನೆ.

ಇಲ್ಲಿ ರೋಗಿಯ ಮೈಮೇಲೆ ಪ್ರೋಬ್ ಹಿಡಿದು ಚಿತ್ರ ತೆಗೆಯುವುದು ಸೋನೋಗ್ರಾಫರ್, ಆ ಚಿತ್ರಗಳನ್ನು ಓದಿ ವರದಿ ಬರೆಯುವುದು ರೇಡಿಯಾಲಜಿಸ್ಟ್. ಅವರು ಬಹಳ ಸಲ ಬೇರೆ ಕಟ್ಟಡದಲ್ಲಿ ಕುಳಿತಿರುತ್ತಾರೆ. ನಾನು ತೆಗೆಯದ ಚಿತ್ರ ಅವರ ಕಣ್ಣಿಗೆ ಬೀಳುವುದೇ ಇಲ್ಲ. ಯಕೃತ್ತಿನ ಮೂಲೆಯಲ್ಲಿದ್ದ ಸಣ್ಣ ಗಂಟನ್ನು ನಾನು ದಾಟಿಕೊಂಡು ಹೋದರೆ ಅದು ವರದಿಯಲ್ಲಿ ಇರುವುದಿಲ್ಲ. ಈ ಹೊಣೆಯ ಭಾರದಿಂದಾಗಿಯೇ ಇಲ್ಲಿನ ತರಬೇತಿ ಅಷ್ಟು ಕಠಿಣವಾಗಿದೆ.

ನಾನು ಸೇರಿದ್ದು, ಇಂಥ ಕೋರ್ಸುಗಳನ್ನು ಪರಿಶೀಲಿಸುವ ಕಾಹೆಪ್ ಎಂಬ ಸಂಸ್ಥೆಯ ಮಾನ್ಯತೆ ಇರುವ ಎರಡು ವರ್ಷದ ಕೋರ್ಸಿಗೆ. ಮಾನ್ಯತೆ ಇದೆಯೇ ಎಂಬುದನ್ನು ಮೊದಲು ನೋಡಬೇಕು, ಏಕೆಂದರೆ ಅಂಥ ಕೋರ್ಸ್ ಮುಗಿಸಿದವರು ಸೋನೋಗ್ರಾಫರ್‌ಗಳಿಗೆ ಪ್ರಮಾಣಪತ್ರ ಕೊಡುವ, 1975ರಲ್ಲಿ ಸ್ಥಾಪನೆಯಾದ ಎಆರ್‌ಡಿಎಂಎಸ್ ಎಂಬ ಸಂಸ್ಥೆಯ ಪರೀಕ್ಷೆಗಳಿಗೆ ನೇರವಾಗಿ ಕುಳಿತುಕೊಳ್ಳಬಹುದು. ಪರೀಕ್ಷೆಗಳು ಎರಡು: ಭೌತಶಾಸ್ತ್ರ ಮತ್ತು ಯಂತ್ರದ ತತ್ವಗಳನ್ನು ಕೇಳುವ ಎಸ್‌ಪಿಐ ಒಂದು, ಹೊಟ್ಟೆ ಅಥವಾ ಪ್ರಸೂತಿಯಂಥ ವಿಶೇಷ ವಿಷಯದ್ದು ಇನ್ನೊಂದು. ಒಂದನ್ನು ಪಾಸು ಮಾಡಿದ ಐದು ವರ್ಷದೊಳಗೆ ಇನ್ನೊಂದನ್ನು ಮುಗಿಸಬೇಕು.

ಪದವಿ ಇದ್ದವರಿಗೆ ಇನ್ನೊಂದು ಬಾಗಿಲೂ ಇದೆ, ಆದರೆ ಅದಕ್ಕೆ ಹನ್ನೆರಡು ತಿಂಗಳು ಪೂರ್ಣಾವಧಿ ಅಲ್ಟ್ರಾಸೌಂಡ್ ಮಾಡಿದ ಅನುಭವದ ದಾಖಲೆ ಬೇಕು. ಭಾರತದ ಪದವೀಧರರು ಎಡವುವುದು ಇಲ್ಲೇ. ನನ್ನ ಬಳಿ ಪದವಿ ಇತ್ತು, ಮೂರು ವರ್ಷದ ಸೇವೆ ಇತ್ತು, ಆದರೆ ಊರಿನಲ್ಲಿ ಒಂದು ದಿನವೂ ನಾನು ಪ್ರೋಬ್ ಹಿಡಿದಿರಲಿಲ್ಲ. ಹಾಗಾಗಿ ಮೊದಲಿನಿಂದ ಕಲಿಯಬೇಕಾಯಿತು.

ಕಲಿಕೆ ಹೇಗಿತ್ತೆಂದರೆ, ಮೊದಲ ಆರು ತಿಂಗಳು ನಾವು ಸಹಪಾಠಿಗಳೇ ಸರದಿಯಂತೆ ಮಂಚದ ಮೇಲೆ ಮಲಗಿ ಒಬ್ಬರನ್ನೊಬ್ಬರು ಸ್ಕ್ಯಾನ್ ಮಾಡಿದೆವು. ಬೆಳಗಿನ ಪ್ರಯೋಗಾಲಯವಿದ್ದ ದಿನ ನಾವೂ ರೋಗಿಗಳಂತೆ ಖಾಲಿ ಹೊಟ್ಟೆಯಲ್ಲಿ ಹೋಗುತ್ತಿದ್ದೆವು, ಏಕೆಂದರೆ ಊಟವಾದ ಮೇಲೆ ಪಿತ್ತಕೋಶ ಕುಗ್ಗಿಬಿಡುತ್ತದೆ. ಮೇದೋಜೀರಕ ಗ್ರಂಥಿಯನ್ನು ಕರುಳಿನ ಗಾಳಿ ಮರೆಮಾಡುತ್ತದೆ. ಶಬ್ದದ ಅಲೆ ಗಾಳಿಯನ್ನು ದಾಟುವುದಿಲ್ಲ. ಆ ಗ್ರಂಥಿಯನ್ನು ಇಡಿಯಾಗಿ ಕಾಣಲು ನನಗೆ ಏಳು ವಾರ ಹಿಡಿಯಿತು. ಒಂದು ದಿನ ಬೋಧಕಿ ನನ್ನ ಕೈಯ ಮೇಲೆ ತನ್ನ ಕೈಯಿಟ್ಟು, ಪ್ರೋಬನ್ನು ಸರಿಸದೆ ನಿಂತಲ್ಲೇ ಹೆಬ್ಬೆರಳಿನಷ್ಟು ಓರೆ ಮಾಡಿ, ನಿಧಾನವಾಗಿ ಒತ್ತಿದರು. ಗಾಳಿ ಪಕ್ಕಕ್ಕೆ ಸರಿದು, ಪ್ಲೀಹದ ರಕ್ತನಾಳದ ಕಪ್ಪು ಗೆರೆಯ ಮುಂದೆ ಬೂದು ಬಣ್ಣದ ಗ್ರಂಥಿ ಪೂರ್ತಿಯಾಗಿ ಮೂಡಿತು. ಸರಿಸುವುದು ಬೇರೆ, ಓರೆ ಮಾಡುವುದು ಬೇರೆ, ತಿರುಗಿಸುವುದು ಬೇರೆ ಎಂಬ ವ್ಯತ್ಯಾಸ ಪುಸ್ತಕದಲ್ಲಿ ಓದಿದಾಗ ಹತ್ತಿರಲಿಲ್ಲ, ಅಂದು ಕೈಗೆ ಹತ್ತಿತು. ಆಮೇಲೆ ಎರಡನೇ ವರ್ಷವಿಡೀ ಆಸ್ಪತ್ರೆಯಲ್ಲಿ, ಸೋನೋಗ್ರಾಫರ್ ಒಬ್ಬರ ಬೆನ್ನ ಹಿಂದೆ ನಿಂತು ನೋಡಿ, ಮಾಡಿ, ತಿದ್ದಿಸಿಕೊಂಡ ಗಂಟೆಗಳೇ ನಿಜವಾದ ತರಬೇತಿ.

ಭೌತಶಾಸ್ತ್ರವನ್ನು ಮಗಳು ಈಗಿನಿಂದಲೇ ಪ್ರೀತಿಯಿಂದ ಓದಲಿ. ಮೃದು ಅಂಗಾಂಶದಲ್ಲಿ ಶಬ್ದದ ವೇಗ ಸೆಕೆಂಡಿಗೆ 1,540 ಮೀಟರ್ ಎಂದು ಯಂತ್ರ ಲೆಕ್ಕ ಹಾಕುತ್ತದೆ. ಒಂದು ಸೆಂಟಿಮೀಟರ್ ಆಳಕ್ಕೆ ಹೋಗಿ ಮರಳಲು 13 ಮೈಕ್ರೋಸೆಕೆಂಡ್. ಆವರ್ತನ ಹೆಚ್ಚಿದಷ್ಟೂ ಚಿತ್ರ ಸ್ಪಷ್ಟ, ಆದರೆ ಅಲೆ ಆಳಕ್ಕೆ ಇಳಿಯುವುದಿಲ್ಲ. ಆದ್ದರಿಂದಲೇ ಥೈರಾಯ್ಡಿಗೆ 10 ಮೆಗಾಹರ್ಟ್ಸ್‌ಗೂ ಹೆಚ್ಚಿನ ಪ್ರೋಬ್, ಹೊಟ್ಟೆಗೆ 2ರಿಂದ 5 ಮೆಗಾಹರ್ಟ್ಸ್‌ನದ್ದು. ಅಜ್ಜಿಯ ಕಲ್ಲಿನ ಕೆಳಗೆ ಆಕೆ ಕಂಡ ಕಪ್ಪು ನೆರಳು ಕೂಡ, ಅಲೆಯನ್ನು ಕಲ್ಲು ಮುಂದೆ ಬಿಡದೆ ತಡೆದುದರ ಗುರುತು.

ಸಂಬಳ ಚೆನ್ನಾಗಿಯೇ ಇದೆ, ಇಲ್ಲಿನ ಸರ್ಕಾರಿ ಅಂಕಿಅಂಶಗಳ ಪ್ರಕಾರ ಮಧ್ಯಮ ವಾರ್ಷಿಕ ವೇತನ 80 ಸಾವಿರ ಡಾಲರ್ ದಾಟಿದೆ. ಆದರೆ ದೇಹ ದಂಡ ತೆರುತ್ತದೆ: ದಿನಕ್ಕೆ ಹತ್ತು ಹನ್ನೆರಡು ರೋಗಿಗಳ ಮೇಲೆ ಕೈ ಚಾಚಿ ಒತ್ತಿಹಿಡಿಯುವ ಕೆಲಸದಲ್ಲಿ ಭುಜ, ಮಣಿಕಟ್ಟು ಮತ್ತು ಕುತ್ತಿಗೆಯ ನೋವು ತೀರಾ ಸಾಮಾನ್ಯ. ಮಂಚವನ್ನು ಏರಿಸಿ ರೋಗಿಯನ್ನು ಹತ್ತಿರಕ್ಕೆ ಸರಿಸಿಕೊಳ್ಳುವ ಅಭ್ಯಾಸವನ್ನು ನಾನು ತಡವಾಗಿ ಕಲಿತೆ, ಬಲಭುಜಕ್ಕೆ ನಾಲ್ಕು ತಿಂಗಳು ಫಿಸಿಯೋಥೆರಪಿ ಮಾಡಿಸಿಕೊಂಡೆ.

ಇಂಗ್ಲೆಂಡಿನ ದಾರಿ ಬೇರೆ. ನನ್ನ ಸಹಪಾಠಿಯೊಬ್ಬಳು ಅಲ್ಲಿ ಆರೋಗ್ಯ ವೃತ್ತಿಪರರನ್ನು ನೋಂದಾಯಿಸುವ ಎಚ್‌ಸಿಪಿಸಿ ಎಂಬ ಸಂಸ್ಥೆಯಲ್ಲಿ ರೇಡಿಯೋಗ್ರಾಫರ್ ಆಗಿ ನೋಂದಾಯಿಸಿಕೊಂಡು, ಆಸ್ಪತ್ರೆಯಲ್ಲಿ ಎಕ್ಸ್‌ರೇ ಕೆಲಸ ಮಾಡುತ್ತಲೇ ಕೇಸ್ ಎಂಬ ಒಕ್ಕೂಟದ ಮಾನ್ಯತೆ ಇರುವ ಸ್ನಾತಕೋತ್ತರ ಅಲ್ಟ್ರಾಸೌಂಡ್ ಕೋರ್ಸ್ ಮುಗಿಸಿದಳು. ಅಲ್ಲಿ ಸೋನೋಗ್ರಾಫರ್ ವರದಿಯನ್ನೂ ತಾನೇ ಬರೆಯುತ್ತಾಳೆ. ಕರ್ನಾಟಕದಲ್ಲಿ ಇಮೇಜಿಂಗ್ ಪದವಿ ಪಡೆದವರಿಗೆ ಅಮೆರಿಕಕ್ಕಿಂತ ಈ ದಾರಿಯೇ ನೇರ ಎಂಬುದು ನನ್ನ ಅಭಿಪ್ರಾಯ.

ಇನ್ನೊಂದು ಮಾತು ಹೇಳದೆ ಇರಲಾರೆ. ತರಬೇತಿಯ ದಿನಗಳಲ್ಲಿ ಇಪ್ಪತ್ತು ವಾರದ ಗರ್ಭಿಣಿಯೊಬ್ಬರು ಮಗು ಹೆಣ್ಣೋ ಗಂಡೋ ಎಂದು ಮೊದಲ ಬಾರಿ ಕೇಳಿದಾಗ, ಇಲ್ಲಿ ಅದನ್ನು ಹೇಳಲು ಅಡ್ಡಿಯಿಲ್ಲ ಎಂದು ಗೊತ್ತಿದ್ದೂ ನನಗೆ ಬಾಯಿ ಬರಲಿಲ್ಲ. ಮೈಸೂರಿನ ಆಸ್ಪತ್ರೆಯ ಗೋಡೆಯ ಮೇಲಿದ್ದ ಕನ್ನಡದ ಫಲಕ ಕಣ್ಣ ಮುಂದೆ ನಿಂತಿತ್ತು. ಬೋಧಕಿಯೇ ಮುಂದೆ ಬಂದು ಹೆಣ್ಣು ಮಗು ಎಂದರು, ಆ ದಂಪತಿ ಕೈ ಕೈ ಹಿಡಿದುಕೊಂಡು ಅತ್ತರು. ನಾನೂ ಅತ್ತೆ.

ಉತ್ತರ 3: ಎಕೋ ಟೆಕ್ನಾಲಜಿಸ್ಟ್, ಬೆಂಗಳೂರು

ಇದುವರೆಗೆ ಯಾರೂ ಹೇಳದ ಒಂದು ದಾರಿಯನ್ನು ಸೇರಿಸುತ್ತೇನೆ. ಊರು ಬಿಡದೆ, ವೈದ್ಯರಾಗದೆ ಪ್ರೋಬ್ ಹಿಡಿಯುವ ಕೆಲಸವೆಂದರೆ ಹೃದಯದ ಅಲ್ಟ್ರಾಸೌಂಡ್, ಅಂದರೆ ಎಕೋ. ಇದಕ್ಕೆ ಬಿ.ಎಸ್ಸಿ. ಕಾರ್ಡಿಯಾಕ್ ಕೇರ್ ಟೆಕ್ನಾಲಜಿ ಓದಬೇಕು. ಹೃದ್ರೋಗ ಆಸ್ಪತ್ರೆಗಳಲ್ಲಿ ನಮ್ಮಂಥವರು ಅಳತೆ ಮತ್ತು ಚಿತ್ರಗಳನ್ನು ತೆಗೆದಿಡುತ್ತೇವೆ, ಹೃದ್ರೋಗ ತಜ್ಞರು ನೋಡಿ ಸಹಿ ಹಾಕುತ್ತಾರೆ. ಯಂತ್ರದ ನೋಂದಣಿಯ ನಿಯಮಗಳು ಇಲ್ಲಿಗೂ ಅನ್ವಯಿಸುತ್ತವೆ, ಗರ್ಭಿಣಿಯ ಹೊಟ್ಟೆಯ ಮೇಲೆ ನಾವು ಪ್ರೋಬ್ ಇಡುವುದಿಲ್ಲ.

ಕೆಲಸ ಸುಲಭವೆಂದು ಭಾವಿಸಬೇಡಿ. ಪಕ್ಕೆಲುಬುಗಳ ನಡುವಿನ ಬೆರಳಗಲದ ಸಂದಿನಿಂದ, ಒಂದು ಕಡೆ ಶ್ವಾಸಕೋಶದ ಗಾಳಿಯನ್ನು ತಪ್ಪಿಸಿಕೊಂಡು, ಬಡಿಯುತ್ತಿರುವ ಹೃದಯದ ನಾಲ್ಕೂ ಕೋಣೆಗಳನ್ನು ಹಿಡಿಯಬೇಕು. ರಕ್ತದ ವೇಗ ಅಳೆಯುವಾಗ ಡಾಪ್ಲರ್ ಅಲೆ ರಕ್ತದ ಹರಿವಿನ ದಿಕ್ಕಿಗೆ ಸಮಾನಾಂತರವಾಗಿರದಿದ್ದರೆ ವೇಗ ನಿಜಕ್ಕಿಂತ ಕಡಿಮೆ ತೋರುತ್ತದೆ, ಕಿರಿದಾದ ಕವಾಟದ ತೀವ್ರತೆ ವರದಿಯಲ್ಲಿ ತಗ್ಗಿಬಿಡುತ್ತದೆ. ನನಗೆ ಧೈರ್ಯವಾಗಿ ಒಬ್ಬನೇ ಎಕೋ ಮಾಡಲು ಪದವಿಯ ನಂತರವೂ ಒಂದೂವರೆ ವರ್ಷ ಬೇಕಾಯಿತು. ಆರಂಭದ ಸಂಬಳ ನಮ್ಮ ನಗರದಲ್ಲಿ ಕಡಿಮೆಯೇ, ಅದು ಇನ್ನಷ್ಟು ಹೆಚ್ಚಬೇಕು ಎಂಬುದು ನಮ್ಮೆಲ್ಲರ ಬೇಡಿಕೆ.

ಪ್ರಶ್ನೆ ಕೇಳಿದವರು

ಮೂವರಿಗೂ ಹೃತ್ಪೂರ್ವಕ ಧನ್ಯವಾದಗಳು. ಆ ಸಂಸ್ಥೆಗೆ ಇಂದೇ ಬೇಡವೆಂದು ತಿಳಿಸಿದೆ. ಉತ್ತರಗಳನ್ನು ಮಗಳು ಎರಡು ಬಾರಿ ಓದಿದಳು. ಆಕೆಯ ಮನಸ್ಸು ಇಮೇಜಿಂಗ್ ಪದವಿಯ ಕಡೆಗಿದೆ, ಮುಂದೆ ಇಂಗ್ಲೆಂಡಿನ ದಾರಿಯನ್ನು ಯೋಚಿಸೋಣ ಎನ್ನುತ್ತಾಳೆ. ಕಾಲೇಜು ಆರಿಸುವಾಗ ಏನನ್ನು ನೋಡಬೇಕು ಎಂದೂ ತಿಳಿಸಿದರೆ ಉಪಕಾರವಾಗುತ್ತದೆ.

ಉತ್ತರ 1ರ ರೇಡಿಯಾಲಜಿಸ್ಟ್

ಕಟ್ಟಡ ನೋಡಬೇಡಿ, ಕಾಲೇಜಿಗೆ ಸೇರಿದ ಆಸ್ಪತ್ರೆಯ ರೇಡಿಯಾಲಜಿ ವಿಭಾಗವನ್ನು ನೋಡಿ. ಸೋಮವಾರ ಬೆಳಿಗ್ಗೆ ಹತ್ತು ಗಂಟೆಯ ಹೊತ್ತಿಗೆ ಹೋಗಿ ಹೊರಗೆ ಬೆಂಚಿನ ಮೇಲೆ ಅರ್ಧ ಗಂಟೆ ಕುಳಿತುಕೊಳ್ಳಿ. ರೋಗಿಗಳ ಸಾಲು ಇದೆಯೇ, ಸಿ.ಟಿ. ಮತ್ತು ಎಂ.ಆರ್.ಐ. ಯಂತ್ರಗಳು ಆಸ್ಪತ್ರೆಯದ್ದೇ ಆಗಿ ನಡೆಯುತ್ತಿವೆಯೇ, ವಿದ್ಯಾರ್ಥಿಗಳು ಒಳಗೆ ಕೆಲಸದಲ್ಲಿದ್ದಾರೆಯೇ ಅಥವಾ ಫೈಲು ಹೊರುತ್ತಿದ್ದಾರೆಯೇ ಎಂಬುದು ಅಷ್ಟರಲ್ಲೇ ತಿಳಿಯುತ್ತದೆ. ಅಂತಿಮ ವರ್ಷದ ಒಬ್ಬ ವಿದ್ಯಾರ್ಥಿಯನ್ನು ಮಾತನಾಡಿಸಿ, ಅಲ್ಟ್ರಾಸೌಂಡ್ ಕೋಣೆಯಲ್ಲಿ ವೈದ್ಯರ ಪಕ್ಕ ನಿಂತು ನೋಡಲು ವಾರಕ್ಕೆ ಎಷ್ಟು ಹೊತ್ತು ಬಿಡುತ್ತಾರೆ ಎಂದು ಮಗಳೇ ಕೇಳಲಿ. ಇಂಟರ್ನ್‌ಶಿಪ್‌ನಲ್ಲಿ ಯಾವ ಯಂತ್ರದ ಮೇಲೆ ಎಷ್ಟು ದಿನ ಕೆಲಸ ಮಾಡಿದಳು ಎಂಬುದನ್ನು ದಿನಚರಿಯಲ್ಲಿ ಬರೆದು ಮೇಲ್ವಿಚಾರಕರ ಸಹಿ ಪಡೆದಿಟ್ಟುಕೊಂಡರೆ, ಮುಂದೆ ಎಚ್‌ಸಿಪಿಸಿಗೆ ಅರ್ಜಿ ಹಾಕುವಾಗ ಅದು ಕೆಲಸಕ್ಕೆ ಬರುತ್ತದೆ. ಹುಬ್ಬಳ್ಳಿಯ ಕಡೆ ಬಂದರೆ ನನ್ನ ವಿಭಾಗದ ತಂತ್ರಜ್ಞರ ಜೊತೆ ಒಂದು ದಿನ ಕಳೆಯಲು ಏರ್ಪಾಡು ಮಾಡುತ್ತೇನೆ.